ಎರಡಿಂಚು ಲೂಸಿನ ತಿಮಿಂಗಿಲ

ಕಪಾಟು ಜಾಲಾಡುವಾಗ ಅಪ್ಪನ ಅಳತೆ ಟೇಪು ಸಿಕ್ಕಿತು. ಕೊಳೆತ ಮೀನಿನ ವಾಸನೆ ಅದರಲ್ಲಿ ಇನ್ನೂ ಇದೆಯೋ, ನನ್ನ ಮೂಗಿನ ಭ್ರಮೆಯೋ.

ಅಪ್ಪ ಜೆಪ್ಪುವಿನಲ್ಲಿ ಟೈಲರ್ ಆಗಿದ್ದರು. ಹಕ್ಕಿ, ಆಮೆ, ಏಡಿ ನೋಡುತ್ತ ಕಡಲ ತೀರ ಸುತ್ತುವುದು ಅವರ ಹುಚ್ಚು. ಒಂದು ದಿನ ತಣ್ಣೀರುಬಾವಿಯ ಕಡಲ ತೀರಕ್ಕೆ ಸತ್ತ ತಿಮಿಂಗಿಲ ಬಂದು ಬಿದ್ದಿದೆ ಎಂದು ಕೇಳಿದ್ದೇ, ಕತ್ತರಿ ಕೆಳಗಿಟ್ಟು ನನ್ನನ್ನೂ ಕರೆದುಕೊಂಡು ಹೊರಟರು. ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಕಟ್ಟಿಕೊಂಡು, ಗಿರಾಕಿಯನ್ನು ಮುಟ್ಟುವಷ್ಟೇ ಮೆತ್ತಗೆ ಅದರ ಬಾಲ, ರೆಕ್ಕೆ, ಮೂತಿಗೆ ಟೇಪು ಹಿಡಿದರು. ಅವರು ಹೇಳಿದ್ದನ್ನೆಲ್ಲ ನಾನು ಅಂಗಡಿಯ ಅಳತೆ ಪುಸ್ತಕದಲ್ಲಿ ಬರೆದೆ.

ಮನೆಗೆ ಬಂದು ಪುಸ್ತಕ ತೆರೆದವರು ತಲೆ ಮೇಲೆ ಕೈ ಇಟ್ಟರು. “ಎಂತ ಮಾಡಿದೆ ಮಾರಾಯ್ತಿ ನಾನು! ಅಂಗಿಗೆ ಸೇರಿಸುವ ಹಾಗೆ ಎರಡಿಂಚು ಲೂಸು ಸೇರಿಸಿ ಹೇಳಿದ್ದೇನೆ.”

“ಕಳೆದರಾಯ್ತಲ್ಲ ಅಪ್ಪ?”

“ಯಾವುದಕ್ಕೆ ಸೇರಿಸಿದ್ದು, ಯಾವುದಕ್ಕೆ ಇಲ್ಲ ಅಂತ ನೆನಪಾಗ್ತಾ ಇಲ್ಲ. ನಾಳೆ ಪುನಃ ಅಳೆಯುವ.”

ಮರುದಿನ ಹೋದಾಗ ತಿಮಿಂಗಿಲವನ್ನು ಹೂತಾಗಿತ್ತು. ಅಪ್ಪ ಮರಳ ದಿಬ್ಬದ ಎದುರು ನಿಂತು ಟೇಪು ಸುತ್ತಿ ಜೇಬಿಗಿಟ್ಟರು. “ಇರಲಿ ಬಿಡು, ಆ ಎರಡಿಂಚು. ಮಣ್ಣಿನೊಳಗೆ ಅದಕ್ಕೆ ಬಿಗಿಯಾಗುವುದು ಬೇಡ” ಎಂದರು.

ಬಟ್ಟೆ ಹೊಲಿದು ಕೊಟ್ಟ ಮೇಲೆ ಆ ಗಿರಾಕಿಯ ಅಳತೆಗೆ ಅಪ್ಪ ಅಡ್ಡಗೀಟು ಎಳೆಯುತ್ತಿದ್ದರು. ಟೇಪಿನ ಜೊತೆಗೇ ಸಿಕ್ಕ ಪುಸ್ತಕವನ್ನು ಈಗ ತಿರುವಿ ನೋಡಿದೆ. ತಿಮಿಂಗಿಲದ ಆ ಒಂದು ಪುಟಕ್ಕೆ ಮಾತ್ರ ಗೀಟಿಲ್ಲ.