ಕಾನೂನು ಮೀರದ ಮೇಷ್ಟ್ರು

ಮೊನ್ನೆ ಮೈಲಾಪೂರಿನ ಕೊಳದ ಬದಿಯಲ್ಲಿ ಒಬ್ಬ ತಳ್ಳುಗಾಡಿಯ ಮೇಲೆ ಪನ್ನೀರ್ ದ್ರಾಕ್ಷಿ ರಾಶಿ ಹಾಕಿಕೊಂಡು ನಿಂತಿದ್ದ. ಹಣ್ಣು ತೀರ ಕಳಿತಿತ್ತು. ಅಡಿಯ ಗೊಂಚಲುಗಳು ಒಡೆದು ರಸ ಸೋರಿ, ಬಿಸಿಲಿಗೆ ಹುಳಿ ತಿರುಗಿದ ವಾಸನೆ ಹೊಡೆಯುತ್ತಿತ್ತು. ಬಸ್ಸಿಗೆ ಹೊರಟಿದ್ದ ನಾನು ನಿಂತುಬಿಟ್ಟೆ. ಆ ವಾಸನೆಗೆ ನನಗೆ ಅಮ್ಮನ ನೆನಪು ಬರಬೇಕಿತ್ತು. ಮೊದಲು ಬಂದದ್ದು ಮೇಲಿನ ಮನೆಯ ಮೇಷ್ಟ್ರ ನೆನಪು. ಅವರ ಮೇಲೆ ನನಗಿರುವ ಸಿಟ್ಟುಗಳಲ್ಲಿ ಇದೂ ಒಂದು.

ಅವರು ಶಾಲೆಯ ಮೇಷ್ಟ್ರಲ್ಲ. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ನಮಗೆಲ್ಲ ಧರ್ಮೋಪದೇಶದ ಪಾಠ ಹೇಳುತ್ತಿದ್ದರು, ಹಾಗಾಗಿ ಮೇಷ್ಟ್ರು. ನಮ್ಮ ಚರ್ಚಿನಲ್ಲಿ ಎಲ್ಲವೂ ತಮಿಳು, ಸ್ವಲ್ಪ ಇಂಗ್ಲಿಷು. ಕನ್ನಡದ ಕ್ಯಾಥೊಲಿಕ್ ಮನೆಗಳೆಂದರೆ ಎರಡೇ. ಹಾಸನದ ಕಡೆಯ ನಾವು, ಮೈಸೂರಿನ ಕಡೆಯ ಅವರು. ಎರಡೂ ಒಂದೇ ಹಳೆಯ ಫ್ಲಾಟಿನಲ್ಲಿ, ನಾವು ಕೆಳಗೆ, ಅವರು ಮೇಲೆ. ನನಗೆ ಆರು ವರ್ಷವಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅಮ್ಮ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್. ಮೇಷ್ಟ್ರನ್ನು ಅವಳು ಅಣ್ಣಾ ಎಂದೂ ಅವರ ಹೆಂಡತಿಯನ್ನು ಅಕ್ಕ ಎಂದೂ ಕರೆಯುತ್ತಿದ್ದಳು. ನನಗೆ ಅವರ ಹೆಂಡತಿ ಬರೀ ಆಂಟಿ.

ಮೇಷ್ಟ್ರಿಗೆ ಕಾನೂನು ಮತ್ತು ದೇವರು ಬೇರೆ ಬೇರೆ ಅಲ್ಲ. ದೊರೆತನ ದೇವರಿಂದ ಬಂದದ್ದು, ಆದ್ದರಿಂದ ಸರ್ಕಾರದ ಕಾನೂನು ಮುರಿದರೆ ಅದು ಪಾಪ, ಅದನ್ನು ಫಾದರ್ ಮುಂದೆ ಪಾಪನಿವೇದನೆಯಲ್ಲಿ ಹೇಳಲೇಬೇಕು ಎನ್ನುತ್ತಿದ್ದರು. ಟಿಕೆಟ್ ಇಲ್ಲದೆ ರೈಲು ಹತ್ತಿದರೂ ಪಾಪ, ಹದಿನೆಂಟು ತುಂಬುವ ಮೊದಲು ಸ್ಕೂಟರ್ ಓಡಿಸಿದರೂ ಪಾಪ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಎದ್ದು ನಿಂತು, ಸರ್ಕಾರವೇ ತಪ್ಪು ಮಾಡು ಎಂದರೆ ಏನು ಮಾಡಬೇಕು ಎಂದು ಕೇಳಿದ್ದೆ. ಅವರು ತಡಬಡಾಯಿಸಲಿಲ್ಲ. ದೇವರ ಆಜ್ಞೆಗೆ ವಿರುದ್ಧವಾದ ಕಾನೂನನ್ನು ಪಾಲಿಸಬೇಕಿಲ್ಲ, ಪಾಲಿಸಲೂಬಾರದು ಎಂದರು. ಆಮೇಲೆ ನನ್ನನ್ನೇ ನೋಡುತ್ತ, ಇಡೀ ಕ್ಲಾಸಿನ ಎದುರು ತಮಿಳಿನಲ್ಲಿ ಹೇಳಿದರು: “ಲೈಸೆನ್ಸ್ ಇಲ್ಲದೆ ಮನೆಯಲ್ಲಿ ವೈನ್ ಮಾಡಬೇಡ ಅನ್ನುತ್ತೆ ಸರ್ಕಾರ. ಮಾಡು ಅಂತ ದೇವರು ಎಲ್ಲಾದರೂ ಆಜ್ಞೆ ಮಾಡಿದ್ದಾನಾ? ನಿಮ್ಮಮ್ಮನ್ನ ಕೇಳು.”

ಅಮ್ಮ ಪ್ರತಿ ನವೆಂಬರಿನಲ್ಲಿ ದ್ರಾಕ್ಷಿ ತೊಳೆದು, ಆರಿಸಿ, ಸಕ್ಕರೆ, ಗೋಧಿ, ಲವಂಗ ಹಾಕಿ ಎರಡು ಭರಣಿ ತುಂಬಿಸಿಡುತ್ತಿದ್ದಳು. ಅವಳ ತಾಯಿ ಮಾಡುತ್ತಿದ್ದದ್ದು, ಇವಳೂ ಮಾಡಿದಳು. ಕ್ರಿಸ್ಮಸ್ಸಿಗೆ ಬಂದವರಿಗೆ ಕೇಕಿನ ಜೊತೆ ಪುಟ್ಟ ಲೋಟದಲ್ಲಿ ಎರಡು ಗುಟುಕು. ಮೇಷ್ಟ್ರ ಮನೆಗೂ ಒಂದು ಬಾಟಲಿ ಹೋಗುತ್ತಿತ್ತು. ಆಂಟಿ ತೆಗೆದುಕೊಳ್ಳುತ್ತಿದ್ದರು, ಮೇಷ್ಟ್ರು ಮುಟ್ಟುತ್ತಿರಲಿಲ್ಲವಂತೆ.

ಆ ದಿನ ನಾನು ಅಳುತ್ತ ಮನೆಗೆ ಬಂದೆ. ಅಮ್ಮ ಕೈ ಒರೆಸಿಕೊಂಡು ನೇರ ಮೇಲಕ್ಕೆ ಹತ್ತಿದಳು. ನಾನೂ ಹಿಂದೆಯೇ ಹೋದೆ.

“ಮಗೂನ ಎಲ್ಲರ ಮುಂದೆ ಯಾಕಣ್ಣಾ ಹಾಗಂದ್ರಿ? ನನ್ನ ಕೂಪಿಟ್ಟು, ಪಕ್ಕಕ್ಕೆ ಕರೆದು ಹೇಳಿದ್ರೆ ಆಗ್ತಿರಲಿಲ್ವಾ?”

“ಈಗ ಹೇಳ್ತಿದೀನಿ ತಂಗಿ. ಚೆಲ್ಲಿಬಿಡಿ. ಪಾಪನಿವೇದನೆ ಮಾಡಿ.”

“ಪೂಜೆಗೂ ವೈನ್ ಬೇಕಲ್ಲ ಅಣ್ಣಾ?”

“ಅದಕ್ಕೆ ಲೈಸೆನ್ಸ್ ಇದೆ.”

ಅಮ್ಮ ನಕ್ಕುಬಿಟ್ಟಳು. ಅವಳು ನಗಬಾರದಿತ್ತೋ ಏನೋ... ಮೇಷ್ಟ್ರ ಮುಖ ಬಿಗಿಯಿತು. “ಚೆಲ್ಲದಿದ್ರೆ ನಾನೇ ಸ್ಟೇಷನ್ನಿಗೆ ಬರೆದು ಕೊಡ್ತೀನಿ. ಹಿಂದಿನಿಂದ ಮಾಡೋನಲ್ಲ ನಾನು, ಮುಂದೇನೇ ಹೇಳ್ತಿದೀನಿ” ಎಂದರು. ಅಮ್ಮ ನಂಬಲಿಲ್ಲ. ಹದಿನೈದು ವರ್ಷ ಒಂದೇ ಮೆಟ್ಟಿಲು ತುಳಿದವರು, ಸುಮ್ಮನೆ ಹೆದರಿಸುತ್ತಿದ್ದಾರೆ ಎಂದುಕೊಂಡಳು.

ಕ್ರಿಸ್ಮಸ್ಸಿಗೆ ಮೂರು ದಿನವಿರುವಾಗ ಬೆಳಿಗ್ಗೆ ಇಬ್ಬರು ಪೊಲೀಸರು ಬಂದರು. ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾಗೆ ಭರಣಿಗಳನ್ನು ಹೊರಗೆ ತಂದರು. ಒಂದನ್ನು ಅಲ್ಲೇ ಚರಂಡಿಗೆ ಸುರಿದರು, ಇನ್ನೊಂದನ್ನು ಸಾಕ್ಷಿಗೆ ಬೇಕೆಂದು ಜೀಪಿಗೆ ಏರಿಸಿದರು. ಅಮ್ಮನನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಮಧ್ಯಾಹ್ನ ಮೂರರವರೆಗೆ ಕೂರಿಸಿದರು. ಎದುರಿಗೆ ಬಂದು ಹೋಗುವವರಲ್ಲಿ ಅವಳ ಶಾಲೆಯ ಮಕ್ಕಳ ಅಪ್ಪಂದಿರೂ ಇದ್ದರು. ಇನ್‌ಸ್ಪೆಕ್ಟರಿಗೇ ಮುಜುಗರ. “ಟೀಚರಮ್ಮ, ಬರವಣಿಗೆಯಲ್ಲಿ ದೂರು ಬಂದಿದೆ, ನಾನೇನು ಮಾಡಲಿ” ಎಂದು ತಮಿಳಿನಲ್ಲಿ ಗೊಣಗಿ, ಇನ್ನು ಮಾಡುವುದಿಲ್ಲ ಎಂದು ಬರೆಸಿಕೊಂಡು ಕಳಿಸಿದರು. ದೂರಿನ ಕೆಳಗೆ ಮೇಷ್ಟ್ರ ಪೂರ್ತಿ ಹೆಸರು, ವಿಳಾಸ, ಸಹಿ ಇತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಶಾಲೆಯವರು ಅಮ್ಮನನ್ನು ಕರೆದು ಎರಡು ಮಾತು ಅಂದು ಬಿಟ್ಟರು. ಚರ್ಚಿನ ಹೆಂಗಸರು ಮನೆಗೆ ಬಂದು ಮೇಷ್ಟ್ರನ್ನು ಬೈದು ಹೋದರು. ಅಮ್ಮನೇ ಅವರನ್ನು ಸುಮ್ಮನಾಗಿಸಿದಳು.

ಕ್ರಿಸ್ಮಸ್ಸಿನ ಬೆಳಗಿನ ಪೂಜೆಗೆ ಹೋದೆವು. ಅಂದು ಜನ ಹೆಚ್ಚು. ಪರಮಪ್ರಸಾದದ ತೆಳು ರೊಟ್ಟಿ ಕೊಡುವುದಕ್ಕೆ ಫಾದರ್ ಜೊತೆಗೆ ಮೇಷ್ಟ್ರೂ ನಿಂತಿದ್ದರು. ಅವರಿಗೆ ಆ ಅನುಮತಿ ಇತ್ತು. ದೊಡ್ಡ ಪಾಪ ಮಾಡಿದವರು ಪಾಪನಿವೇದನೆ ಮಾಡದೆ ಪ್ರಸಾದ ತೆಗೆದುಕೊಳ್ಳುವಂತಿಲ್ಲ ಎಂದು ನಮಗೆ ಪಾಠ ಹೇಳಿದ್ದವರೂ ಅವರೇ. ನಮ್ಮ ಸಾಲು ಅವರ ಕಡೆ ಹೋಯಿತು. ಅಮ್ಮ ನನ್ನ ಮುಂದೆ ಇದ್ದಳು, ಅಪ್ಪ ಕೊಡಿಸಿದ್ದ ಹಸಿರು ರೇಷ್ಮೆ ಸೀರೆಯಲ್ಲಿ. ಅವಳ ಸರದಿ ಬಂತು. ಮೇಷ್ಟ್ರು ಪ್ರಸಾದ ಎತ್ತಿ ಹಿಡಿದರು, ‘ಕ್ರಿಸ್ತನ ಶರೀರ’ ಎಂದು ಹೇಳಬೇಕಾದ ಮಾತು ಹೇಳಲಿಲ್ಲ. ಮೆಲ್ಲಗೆ, ಕನ್ನಡದಲ್ಲಿ ಕೇಳಿದರು:

“ಪಾಪನಿವೇದನೆ ಮಾಡಿದ್ರಾ?”

ಸುತ್ತ ಇದ್ದ ಯಾರಿಗೂ ಅದು ಅರ್ಥವಾಗಿರಲಿಕ್ಕಿಲ್ಲ. ಇಡೀ ಚರ್ಚಿನಲ್ಲಿ ಆ ಮಾತು ತಿಳಿಯುತ್ತಿದ್ದದ್ದು ಅಮ್ಮನಿಗೆ, ನನಗೆ, ಮತ್ತೆ ಎಲ್ಲೋ ಹಿಂದೆ ಕೂತಿದ್ದ ಆಂಟಿಗೆ. ಅಮ್ಮ ತೆರೆದ ಬಾಯಿ ಮುಚ್ಚಿಕೊಂಡಳು. ತಿರುಗಿ ಬಂದು ಬೆಂಚಿನಲ್ಲಿ ಕೂತಳು. ನಾನೂ ತಿರುಗಿ ಬಂದೆ. ಮೇಷ್ಟ್ರು ಮುಂದಿನವರಿಗೆ ಪ್ರಸಾದ ಕೊಟ್ಟರು.

ಹೊಸ ವರ್ಷದ ವಾರದಲ್ಲಿ ಅಮ್ಮ ಫಾದರ್ ಹತ್ತಿರ ಹೋದಳು. ವಯಸ್ಸಾದ, ಸಮಾಧಾನದ ಮನುಷ್ಯ. ಪಾಪನಿವೇದನೆ ಮುಗಿಸಿ ಹೊರಗೆ ಬಂದ ಮೇಲೆ ಅಮ್ಮನೇ ಮತ್ತೆ ಕೇಳಿದ್ದಕ್ಕೆ, ವರಾಂಡದಲ್ಲಿ ನನ್ನ ಎದುರೇ ಅವಳಿಗೆ ಬಿಡಿಸಿ ಹೇಳಿದರು. ನ್ಯಾಯವಾದ ಕಾನೂನನ್ನು ಪಾಲಿಸುವುದು ನಮ್ಮ ಕರ್ತವ್ಯ, ಅದು ಎಲ್ಲರ ಒಳಿತಿಗಾಗಿ ಇರುವುದು. ತಿಳಿದು ತಿಳಿದು, ಉಡಾಫೆಯಿಂದ, ಇನ್ನೊಬ್ಬರಿಗೆ ಕೇಡಾಗುವ ಹಾಗೆ ಮುರಿದರೆ ಪಾಪ. ಹಾಗೆಂದು ಮುರಿದ ಪ್ರತಿ ನಿಯಮವೂ ಆತ್ಮವನ್ನು ಕೊಲ್ಲುವ ಪಾಪವಲ್ಲ. ಎಷ್ಟು ದೊಡ್ಡದು, ಯಾರಿಗೆ ನೋವಾಯಿತು, ಮನಸ್ಸಿನಲ್ಲಿ ಏನಿತ್ತು, ಅದೆಲ್ಲ ನೋಡಬೇಕು. “ನೀವು ಹಬ್ಬಕ್ಕೆ ಎರಡು ಗುಟುಕು ಕೊಟ್ಟಿರಿ. ಇನ್ನು ಮಾಡಬೇಡಿ, ಸಾಕು. ಭಾನುವಾರ ಬಂದು ಪ್ರಸಾದ ತೆಗೆದುಕೊಳ್ಳಿ” ಎಂದರು. ಅವರು ಮೇಷ್ಟ್ರನ್ನೂ ಕರೆದು ಮಾತಾಡಿದರು ಎಂದು ಆಮೇಲೆ ತಿಳಿಯಿತು. ಪ್ರಸಾದ ಕೊಡುವ ಕೆಲಸದಿಂದ ಅವರನ್ನು ಬಿಡಿಸಿದರು.

ಆದರೂ ಅಮ್ಮ ಪ್ರಸಾದಕ್ಕೆ ಹೋಗಲಿಲ್ಲ. ಪ್ರತಿ ಭಾನುವಾರ ಚರ್ಚಿಗೆ ಬರುತ್ತಿದ್ದಳು, ಎಲ್ಲರೂ ಎದ್ದು ಸಾಲು ನಿಂತಾಗ ಕಾಲು ಓರೆ ಮಾಡಿ ದಾರಿ ಬಿಟ್ಟು ಕೂತಿರುತ್ತಿದ್ದಳು. ನಾನು ಜಗಳವಾಡಿದೆ. ಫಾದರೇ ಹೇಳಿದ ಮೇಲೂ ನಿನ್ನದೇನು ಎಂದು ಕೇಳಿದೆ.

“ಫಾದರ್ ಹೇಳಿದ್ದು ಸರಿ ಕಣೇ. ಆದ್ರೆ ಆ ಸಾಲಲ್ಲಿ ನಿಲ್ಲೋಕೆ ಆಗಲ್ಲ. ಆ ಮಾತು ಕಿವೀಲೇ ಇದೆ” ಎಂದಳು.

ಇಪ್ಪತ್ತು ವರ್ಷ ಮೀರಿ ಹೀಗೇ ನಡೆಯಿತು. ನನ್ನ ಮದುವೆಯ ಪೂಜೆಯಲ್ಲೂ ಅವಳು ಬೆಂಚು ಬಿಟ್ಟು ಏಳಲಿಲ್ಲ. ಮೇಷ್ಟ್ರು ಆ ಮದುವೆಗೆ ಬಂದು ಉಡುಗೊರೆ ಕೊಟ್ಟು, ಊಟ ಮಾಡಿ ಹೋದರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ನನಗೆ ತಡೆಯಲಾಗದ್ದು ಅದೇ. ಅವರು ಕಪಟಿಯಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವರು ತೆರಿಗೆ ಕದ್ದವರಲ್ಲ, ಲಂಚ ಮುಟ್ಟಿದವರಲ್ಲ. ತಾನು ಅಮ್ಮನ ಆತ್ಮವನ್ನು ಉಳಿಸಿದೆ ಎಂದೇ ನಂಬಿದ್ದರು.

ಲಾಕ್‌ಡೌನ್ ಬಂತು. ನಾನು ಆಗ ಅಮ್ಮನ ಜೊತೆಗಿದ್ದೆ. ಆಂಟಿ ಅದಾಗಲೇ ಕ್ಯಾನ್ಸರಿನಿಂದ ಹಾಸಿಗೆ ಹಿಡಿದು, ಆಸ್ಪತ್ರೆಯವರು ಕೈಬಿಟ್ಟು ಮನೆಗೆ ಕಳಿಸಿದ್ದರು. ಅದರ ಮೇಲೆ ಮೇಷ್ಟ್ರಿಗೆ ಜ್ವರ ಬಂದು, ಟೆಸ್ಟ್ ಮಾಡಿಸಿದರೆ ಪಾಸಿಟಿವ್. ಬಾಗಿಲಿಗೆ ನೋಟಿಸ್ ಅಂಟಿಸಿ, ಅಡ್ಡಲಾಗಿ ತಗಡು ಕಟ್ಟಿ ಹೋದರು. ಯಾರೂ ಒಳಗೆ ಹೋಗುವಂತಿಲ್ಲ. ಮಗಳು ಮೈಸೂರಿನಲ್ಲಿ. ಪಾಸ್ ಸಿಗಲಿಲ್ಲ. ಹೇಗಾದರೂ ಬರುತ್ತೇನೆ ಎಂದವಳಿಗೆ ಮೇಷ್ಟ್ರೇ ಬೇಡ ಎಂದರಂತೆ.

ಎರಡನೆಯ ದಿನ ಮಧ್ಯಾಹ್ನ ಮೇಲಿನಿಂದ ಆಂಟಿ ನೀರು, ನೀರು ಎಂದು ಕೂಗುವುದು ಕೇಳಿಸಿತು. ಮೇಷ್ಟ್ರು ಜ್ವರದಲ್ಲಿ ಏಳಲಾರದೆ ಬಿದ್ದಿದ್ದರು. ಅಮ್ಮ ಬಾಯಿಗೆ ಸೆರಗು ಕಟ್ಟಿಕೊಂಡಳು. ನಾನು ಅಡ್ಡ ನಿಂತೆ. ನಿನಗೆ ಅರವತ್ತು ದಾಟಿದೆ, ಕೇಸು ಹಾಕುತ್ತಾರೆ, ಅದೂ ಅವರ ಮನೆಗೆ ಹೋಗುತ್ತೀಯಾ ಎಂದು ಕೂಗಾಡಿದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಹತ್ತಿದಳು. ತಗಡಿನ ಕಟ್ಟು ಬಿಚ್ಚುವ ಸದ್ದು ಕೇಳಿಸಿತು. ಆಮೇಲೆ ಮೇಷ್ಟ್ರ ಕ್ಷೀಣ ದನಿ.

“ಬರಬೇಡಿ ತಂಗಿ. ನೋಟಿಸ್ ಅಂಟಿಸಿದ್ದಾರೆ.”

“ಬಾಗಿಲು ತೆಗೀರಿ ಅಣ್ಣಾ.”

ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ನಾಲ್ಕು ದಿನ ಅಮ್ಮ ಹೋಗಿ ಬಂದಳು. ಆಂಟಿಯ ಮೈ ಒರೆಸಿದಳು, ಗಂಜಿ ಕುಡಿಸಿದಳು, ಜಪಮಾಲೆ ಹೇಳಿದಳು. ಐದನೆಯ ಬೆಳಿಗ್ಗೆ ಆಂಟಿ ಹೋದರು, ಅಮ್ಮನ ಕೈ ಹಿಡಿದುಕೊಂಡೇ.

ವರ್ಷ ಕಳೆಯುವ ಹೊತ್ತಿಗೆ, ಚರ್ಚು ಮತ್ತೆ ತೆರೆದ ಮೇಲೆ, ಒಂದು ಸಂಜೆ ಮೇಷ್ಟ್ರು ನಮ್ಮ ಬಾಗಿಲಿಗೆ ಬಂದರು. ಸೊರಗಿ ಅರ್ಧವಾಗಿದ್ದರು. ಒಳಗೆ ಬರಲಿಲ್ಲ. ಕ್ಷಮೆ ಕೇಳುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಬೇರೆ.

“ತಂಗಿ, ನಾನು ಅವತ್ತು ಬಾಗಿಲು ತೆಗೆದದ್ದು ಪಾಪವಾ?”

ಅಮ್ಮ ಅವರನ್ನೇ ನೋಡಿದಳು. “ನನ್ನನ್ನ ಕೇಳಬೇಡಿ ಅಣ್ಣಾ. ಫಾದರ್‌ನ ಕೇಳಿ” ಎಂದು ಬಾಗಿಲು ಮುಚ್ಚಿದಳು.

ನನಗೆ ಸಂತೋಷವಾಯಿತು. ಅದನ್ನು ಬರೆಯಲು ನಾಚಿಕೆಯಿಲ್ಲ. ಅಡುಗೆಮನೆಗೆ ಹೋಗಿ ನೋಡಿದರೆ ಅಮ್ಮ ಅಳುತ್ತಿದ್ದಳು. “ಇಲ್ಲ ಅಂತ ಒಂದು ಮಾತು ಹೇಳಿದ್ರೆ ನನ್ನ ಗಂಟೇನು ಹೋಗ್ತಿತ್ತು” ಎಂದಳು. ನಾಳೆ ಹೋಗಿ ಹೇಳುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಲೇ ಇದ್ದಳು... ಎರಡು ತಿಂಗಳಲ್ಲಿ ಮೇಷ್ಟ್ರು ನಿದ್ದೆಯಲ್ಲೇ ಹೋದರು. ಅವರು ಫಾದರ್‌ನ ಕೇಳಿದರೋ ಇಲ್ಲವೋ ತಿಳಿಯದು. ಮಣ್ಣಿಗೆ ಅಮ್ಮ ಹೋದಳು, ನಾನು ಹೋಗಲಿಲ್ಲ.

ಅಮ್ಮ ಹೋಗಿ ಈಗ ಹತ್ತು ತಿಂಗಳು. ಕೊನೆಯ ವಾರ ಹೊಸ ಫಾದರ್ ಮನೆಗೇ ಪ್ರಸಾದ ತಂದರು. ಕಣ್ಣು ಮುಚ್ಚಿ ಬಾಯಿ ತೆರೆದಳು. ಅಷ್ಟು ವರ್ಷಗಳ ಮೇಲೆ ಒಂದೇ ಸಲ, ನುಂಗಲು ನೀರು ಬೇಕಾಯಿತು.

ನಿನ್ನೆ ಕಲ್ಲರೈ ತಿರುನಾಳ್, ಸತ್ತವರಿಗಾಗಿ ಪ್ರಾರ್ಥಿಸುವ ದಿನ. ಚರ್ಚಿನ ಬಾಗಿಲಲ್ಲಿ ಚೀಟಿ ಕೊಟ್ಟು ಹೆಸರು ಬರೆಯಲು ಹೇಳಿದರು. ಪೂಜೆಯಲ್ಲಿ ಓದುತ್ತಾರೆ. ಅಪ್ಪನ ಹೆಸರು ಬರೆದೆ, ಅಮ್ಮನದು ಬರೆದೆ, ಆಂಟಿಯದೂ ಬರೆದೆ. ಕೆಳಗೆ ಇನ್ನೊಂದು ಸಾಲಿಗೆ ಜಾಗವಿತ್ತು. ಹಿಂದೆ ನಿಂತವರು ಪೆನ್ನಿಗೆ ಕಾಯುತ್ತಿದ್ದರು. ಅಮ್ಮ ಇದ್ದಿದ್ದರೆ ಆ ಸಾಲು ತಾನೇ ತುಂಬಿಸುತ್ತಿದ್ದಳು. ನಾನು ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿ ಬಂದೆ. ಹೆಸರು ಬರೆಯದಿರುವುದು ಯಾವ ಕಾನೂನಿಗೂ ವಿರುದ್ಧವಲ್ಲ. ಪಾಪ ಹೌದೋ ಅಲ್ಲವೋ, ಕೇಳೋಣವೆಂದರೆ ಅಮ್ಮ ಇಲ್ಲ.