ಗ್ಯಾಸ್ ಲೈಟ್ ಆರಿಸುವ ಮೊದಲು

ಅಕ್ಕನಾಗಮ್ಮನ ಪಕ್ಕ ಕೂತವರಿಗೆ ಸಿನಿಮಾ ಎರಡು ಸಲ ಆಗುತ್ತಿತ್ತು. ಮೊದಲು ಅವಳ ಬಾಯಲ್ಲಿ, ಆಮೇಲೆ ಪರದೆಯ ಮೇಲೆ. ನಾನು ಅವಳ ತಮ್ಮನ ಹೆಂಡತಿ ಕೊಟ್ರಮ್ಮ, ಹಾಗಾಗಿ ಆ ಪಕ್ಕದ ಜಾಗ ನನಗೆ ಕಟ್ಟಿಟ್ಟ ಬುತ್ತಿ.

ಅಕ್ಕ ಇಪ್ಪತ್ತೆರಡಕ್ಕೆ ಗಂಡನನ್ನು ಕಳಕೊಂಡು ಕಂಪ್ಲಿಯ ತವರಿಗೆ ಬಂದವಳು. ನಮ್ಮ ಮನೆಯವರ ಅಕ್ಕಿ ಗಿರಣಿಯಲ್ಲಿ ಕೇರುವ ಹೆಂಗಸರ ಮೇಲ್ವಿಚಾರಣೆ ಅವಳದೇ. ನಮ್ಮ ಮನೆಯವರ ಹೆಸರನ್ನು ನಾನು ಹೇಳುವುದಿಲ್ಲ, ಅಷ್ಟಾದರೂ ಮರ್ಯಾದೆ ಉಳಿಯಲಿ, ಬೇರೇನೂ ಉಳಿಸುವ ವಿಚಾರ ನನಗಿಲ್ಲ. ಗಿರಣಿಯ ಎಂಜಿನ್ನು ಗುಡುಗುಡು ಅನ್ನುತ್ತಿರುವಾಗಲೂ ಅಕ್ಕನ ಮಾತು ಬೀದಿಯ ಆ ತುದಿಗೆ ಕೇಳಿಸುತ್ತಿತ್ತು. ಆ ತುದಿಯಲ್ಲಿ ಬಟ್ಟೆ ಅಂಗಡಿ ಗಾದಿಲಿಂಗಪ್ಪ ಕಿವಿಗೊಟ್ಟು ಕೂತಿರುತ್ತಿದ್ದ.

ಗಾದಿಲಿಂಗಪ್ಪನ ಹೆಂಡತಿ ಪ್ಲೇಗಿನಲ್ಲಿ ಹೋಗಿ ಆರು ವರ್ಷ. ಅಂಗಡಿಯ ಮೇಲಿನ ಹಲಗೆಯಲ್ಲಿ ಒಂದು ಹಸಿರು ಸೀರೆ ಇಟ್ಟಿದ್ದ, ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಅದು ಯಾರಿಗೆ ಅಂತ ಊರಿಗೆಲ್ಲ ಗೊತ್ತಿತ್ತು. ನಮ್ಮವರಲ್ಲಿ ಉಡಿಕೆ ಉಂಟು. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ ಕರಕೊಂಡು ಹೋಗಬಹುದು. ಆದರೆ ಅದು ಅಮಾವಾಸ್ಯೆಯ ಕತ್ತಲಲ್ಲಿ, ಹಿತ್ತಿಲಲ್ಲಿ, ಓಲಗ ಇಲ್ಲದೆ ಆಗಬೇಕು. ಮುತ್ತೈದೆಯರು ಆ ಕಡೆ ಸುಳಿಯಬಾರದು. ಹಿಂದಿನ ವರ್ಷ ಹಿರಿಯರು ಗಾದಿಲಿಂಗಪ್ಪನ ಪರವಾಗಿ ಬಂದು ಮಾತಾಡಿದರು, ನಮ್ಮ ಮನೆಯವರೂ ತಲೆಯಾಡಿಸಿದರು. ಅಕ್ಕ ಒಳಗಿಂದ ಬಂದಳು.

"ಕದ್ದ ಮಾಲು ಸಾಗಿಸಿದಂಗ ಕತ್ತಲದಾಗ ನನ್ನ ಸಾಗಿಸ್ತೀರೇನು? ಬೆಳಕಿನಾಗ, ನಾಕು ಮಂದಿ ಮುಂದ ಬಂದು ಕೇಳ್ರಿ ಅನ್ರಿ ಅವರಿಗೆ. ಆಗ ನೋಡ್ತೀನಿ."

ಗಾದಿಲಿಂಗಪ್ಪ ಒಂದು ಗಜ ಬಟ್ಟೆಗೆ ಒಂದು ಗಂಟೆ ಮಾತಾಡುವ ಆಸಾಮಿ. ಈ ಒಂದು ಮಾತಿಗೆ ಮಾತ್ರ ಅವನ ನಾಲಗೆ ಹೊರಳಲಿಲ್ಲ. ವರ್ಷ ಕಳೆಯಿತು, ಸೀರೆಗೆ ಧೂಳು ಕೂತಿತು. ನನಗೆ ಇಬ್ಬರ ಮೇಲೂ ಸಿಟ್ಟಿತ್ತು, ಅವನ ಮೇಲೆ ಒಂದು ಪಾವು ಹೆಚ್ಚು.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಬೇಸಿಗೆ ಅದು. ಹೊಸಪೇಟೆಯಿಂದ ಟೂರಿಂಗ್ ಟಾಕೀಸಿನ ಡೇರೆ ಬಂದು ಗಿರಣಿಯ ಹಿಂದಿನ ಬಯಲಲ್ಲಿ ಬಿಡಾರ ಹೂಡಿತು. ಹೊಳೆಯಾಚೆಯ ನಿಜಾಮನ ಸೀಮೆಯಿಂದಲೂ ಮಂದಿ ಹರಿಗೋಲು ಹತ್ತಿ ಬಂದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಎದೆಮಟ್ಟದ ಒಂದು ಬಟ್ಟೆ. ಆ ಬಟ್ಟೆ ಕೊಟ್ಟವನು ಯಾರೆಂದು ಬೇರೆ ಹೇಳಬೇಕೆ? ಮಷೀನು ಒಂದೇ ಇದ್ದದ್ದರಿಂದ ಪ್ರತಿ ರೀಲು ಮುಗಿದಾಗಲೂ ಗ್ಯಾಸ್ ಲೈಟ್ ಹಚ್ಚುತ್ತಿದ್ದರು.

ತೆಲುಗು ಸಿನಿಮಾ. ಶ್ರೀಮಂತರ ಹುಡುಗ ಕಂಡಿಲ್ಲದ ಹುಡುಗಿಯನ್ನು ಮದುವೆಯಾಗಲಾರೆ ಅಂತ ಅಡುಗೆಯವನ ವೇಷದಲ್ಲಿ ಅವಳ ಮನೆ ಸೇರುತ್ತಾನೆ. ಆ ಹುಡುಗಿಯೂ ಅದೇ ಯೋಚನೆಯಲ್ಲಿ ಕೆಲಸದವಳ ಸೀರೆ ಉಟ್ಟಿರುತ್ತಾಳೆ. ಮುಂದೇನು ಅಂತ ಗಿರಣಿಯ ಎತ್ತಿಗೂ ಗೊತ್ತಾಗುತ್ತದೆ. ಮೊದಲ ದಿನವೇ, ಮೊದಲ ರೀಲಿಗೇ ಅಕ್ಕ ಶುರುವಿಟ್ಟಳು.

"ನೋಡ್ಲೇ ಕೊಟ್ರಮ್ಮ, ಈಗ ಆ ಡೊಳ್ಳುಹೊಟ್ಟಿ ಮಾವ ಹಿಟ್ಟಿನ ಹರವ್ಯಾಗ ಬೀಳ್ತಾನ."

ಬಟ್ಟೆಯಾಚೆಯಿಂದ ಗಾದಿಲಿಂಗಪ್ಪನ ದನಿ ಬಂತು. "ಬೀಳಂಗಿಲ್ರಿ. ಅಷ್ಟು ದೊಡ್ಡ ಮನಷ್ಯಾ ಹೆಂಗ ಬೀಳ್ತಾನ?"

ಮಾವ ಬಿದ್ದ. ಡೇರೆಯೇ ಬಿದ್ದುಹೋಗುವ ಹಾಗೆ ಮಂದಿ ನಕ್ಕರು. ಮರುದಿನವೂ ಅವಳು ಬೀಳುತ್ತಾನೆ ಅಂದಳು, ಅವನು ಇಲ್ಲ ಅಂದ, ಮಾವ ಬಿದ್ದೇಬಿದ್ದ. ಹೊಸ ಸಿನಿಮಾದ ಪೆಟ್ಟಿಗೆ ರೈಲಿಗೆ ಬರಲಿಲ್ಲವಾಗಿ ಹತ್ತು ದಿನ ಅದನ್ನೇ ತೋರಿಸಿದರು. ಹತ್ತು ದಿನವೂ ನಾವು ಹೋದೆವು, ಹತ್ತು ದಿನವೂ ಹೊಟ್ಟೆ ಹಿಡಕೊಂಡು ನಕ್ಕೆವು. ನೋಡಿದ್ದನ್ನೇ ಏನು ನೋಡುತ್ತೀರಿ ಅಂತ ನಮ್ಮ ಮನೆಯವರು ಗೊಣಗಿದರು. ಹೋಳಿಗೆಯೊಳಗೆ ಹೂರಣ ಇದೆ ಅಂತ ಗೊತ್ತಿದ್ದೇ ತಿನ್ನುತ್ತೀರಲ್ಲ ಅಂದೆ. ಬಾಯಿ ಮುಚ್ಚಿಕೊಂಡು ತಾವೂ ಬಂದರು.

ಹತ್ತನೆಯ ದಿನವೇ ಕಡೆಯ ದಿನ. ಕಡೆಯ ರೀಲಿನಲ್ಲಿ ವೇಷವೆಲ್ಲ ಬಯಲಾಗಿ, ಹುಡುಗ ತುಂಬಿದ ಚಪ್ಪರದಲ್ಲಿ ಹುಡುಗಿಯ ಎದುರು ನಿಲ್ಲುತ್ತಾನೆ. ನಿಂತ, ಬಾಯಿ ತೆರೆದ, ರೀಲು ಫಟ್ಟಂತ ಹರಿಯಿತು.

ಗ್ಯಾಸ್ ಲೈಟ್ ಹಚ್ಚಿದರು. ಮಂದಿ ಸಿಳ್ಳೆ ಹಾಕಿದರು, ಕೂಗಿದರು. ರೀಲು ಅಂಟಿಸಿ ಒಣಗಬೇಕು, ಸ್ವಲ್ಪ ಹೊತ್ತು ತಡೆಯಿರಿ ಅಂತ ಮಷೀನಿನವನು ಕೈಮುಗಿದ. ಹರಿಗೋಲಿನ ಪಾಲಪ್ಪ ಎದ್ದು ನಿಂತು ಕೂಗಿದ. "ಅಕ್ಕಾರ, ಅಲ್ಲಿತನ ನೀವರ ಹೇಳ್ರಿ! ಮುಂದೇನು?"

ಅಕ್ಕ ಸೆರಗು ಸರಿಪಡಿಸಿಕೊಂಡು ಎದ್ದಳು.

"ಮುಂದೇನೈತಿ? ಕೇಳ್ತಾನ. ಬೆಳಕಿನಾಗ, ಇಷ್ಟು ಮಂದಿ ಮುಂದ, ನನ್ನ ಮದಿವಿ ಆಗ್ತೀಯೇನು ಅಂತ ಕೇಳ್ತಾನ. ಅವಂಗ ಬಾಯಿ ಐತಿ."

ಇಡೀ ಕಂಪ್ಲಿ ಬಟ್ಟೆಯ ಆಚೆಗೆ ಕತ್ತು ಹೊರಳಿಸಿತು. ಗಾದಿಲಿಂಗಪ್ಪ ಏಳಲೇಬೇಕಾಯಿತು. ಹಣೆಯಲ್ಲಿ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

"ಅದು ಸಿನಿಮಾರಿ," ಅಂದ. "ಅವಂಗ ಯಾರಾರ ಮಾತು ಬರದು ಕೊಟ್ಟಿರ್ತಾರ. ನಮಗ್ಯಾರು ಕೊಡ್ತಾರ?"

"ಹತ್ತು ದಿನ ಕೇಳೀರಿ. ಇನ್ನೂ ಬಾಯಿಪಾಠ ಆಗಿಲ್ಲೇನು?"

ಮಂದಿ ಹೋ ಅಂದರು. ಅವನು ಮಾತ್ರ ನಗಲಿಲ್ಲ. ಹುಬ್ಬಿಗಿಳಿದ ವಿಭೂತಿ ಒರಸಿಕೊಂಡ. ನನಗೋ, ಆ ಬಟ್ಟೆ ದಾಟಿ ಹೋಗಿ ಅವನ ಬೆನ್ನಿಗೊಂದು ಗುದ್ದಬೇಕು ಅನ್ನಿಸಿತ್ತು.

"ಅಂಗಡ್ಯಾಗ ಒಂದು ಹಸರ ಸೀರಿ ಐತ್ರಿ," ಅಂದ. ಬರಬರುತ್ತಾ ದನಿ ಗಟ್ಟಿಯಾಯಿತು. "ವರ್ಷಾತು, ಯಾರಿಗೂ ಕೊಟ್ಟಿಲ್ಲ. ಹಗಲ ಹೊತ್ತಿನಾಗ, ಓಲಗ ಊದಿಸಿ, ಎಲ್ಲಾರ ಮುಂದ ತಂದುಕೊಡ್ತೀನಿ. ಉಡ್ತೀರೇನು?"

ನಮ್ಮ ಮನೆಯವರು ಕುಲ, ಪದ್ಧತಿ ಅಂತ ಏನೋ ಅನ್ನುತ್ತಾ ಎದ್ದರು. ನಾನು ಬಟ್ಟೆಯ ಕೆಳಗಿಂದ ಕೈಹಾಕಿ ಅವರ ಧೋತ್ರ ಹಿಡಿದೆ. ಇನ್ನೊಂದು ಮಾತಾಡಿದರೆ ಧೋತ್ರ ನನ್ನ ಕೈಗೇ ಬರುತ್ತದೆ ಅಂತ ಅವರಿಗೆ ತಿಳಿಯಿತು. ಕೂತರು.

ಅಷ್ಟರಲ್ಲಿ ಹಿಂದಿನಿಂದ ಮಷೀನಿನವನ ಕೂಗು ಬಂತು. "ರೀಲು ಅಂಟ್ತು! ಲೈಟ್ ಆರಿಸ್ರಿ!" ಕಂಬದ ಹತ್ತಿರ ನಿಂತವನು ದೀಪಕ್ಕೆ ಕೈಹಾಕಿದ.

"ತಡಿಯೋ ಯಪ್ಪಾ!" ಅಂತ ಅಕ್ಕ ಕೂಗಿದಳು. "ನಾ ಇನ್ನೂ ಹೂಂ ಅಂದಿಲ್ಲ."

ಅವನು ಕೈ ಹಿಂದಕ್ಕೆ ತೆಗೆದ. ಅಕ್ಕ ಆ ಬೆಳಕಿನಲ್ಲೇ ನಿಂತು, ಬಟ್ಟೆಯಾಚೆಗೆ ನೇರ ನೋಡಿ, ಹೂಂ ಅಂದಳು. ಆಮೇಲೆ ಕೂತು, "ಈಗ ಆರಿಸು," ಅಂದಳು.

ಪರದೆಯ ಮೇಲೆ ಆ ಹುಡುಗ ಏನು ಕೇಳಿದನೋ, ಆ ದಿನ ಯಾರೂ ಕೇಳಿಸಿಕೊಳ್ಳಲಿಲ್ಲ. ಅಕ್ಕ ಮುಂದಿನದನ್ನು ಹೇಳಲಿಲ್ಲ. ಕತ್ತಲಲ್ಲಿ ನನ್ನ ಕೈ ಹಿಡಕೊಂಡು ಸುಮ್ಮನೆ ಕೂತಿದ್ದಳು.