ಜವಾಬು ಕೊಡಾಂವ

ಮಹಾದೇವಣ್ಣ ಬಸ್ಸಿನ ಟಿಕೆಟನ್ನೂ ಎರಡೂ ಬದಿ ಓದುತ್ತಿದ್ದ. ಬೆಂಕಿಪೊಟ್ಟಣ, ಔಷಧದ ಚೀಟಿ, ಮದುವೆಯ ಕರೆಯೋಲೆಯ ತುದಿಯಲ್ಲಿರುವ ಛಾಪಖಾನೆಯ ಹೆಸರು, ಯಾವುದನ್ನೂ ಬಿಡುತ್ತಿರಲಿಲ್ಲ. ಅಕ್ಷರ ಸಣ್ಣದಾದಷ್ಟೂ ಅವನಿಗೆ ಹುರುಪು. ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದುವನು. ನಾವು ಸಾಕೆಂದರೆ "ತಡೀರಿ, ಕೆಳಗ ಇನ್ನೂ ಐತಿ" ಎನ್ನುವನು. ಆಗ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಬರೆಯಲು ಕೂತರೆ ಆ ಮರ್ಯಾದೆ ಬರುತ್ತಿಲ್ಲ, ಒತ್ತಾಯ ಮಾಡಿ ತರುವ ಮನಸ್ಸೂ ನನಗಿಲ್ಲ.

ಅವನು ಗದಗಿನ ಕಡೆಯವನು. ಮಡಗಾಂವ್ ಸ್ಟೇಷನ್ ರಸ್ತೆಯಲ್ಲಿ ನಾಲ್ಕು ಕಂಪ್ಯೂಟರಿನ ಸೈಬರ್ ಕೆಫೆ ಇಟ್ಟಿದ್ದ. ಮೋತಿ ಡೊಂಗರ್ ಗುಡ್ಡದ ಮೇಲಿದ್ದ ನಮ್ಮ ಕಡೆಯ ಜನಕ್ಕೆ ಯಾವ ಸರಕಾರಿ ಕಾಗದ ಬಂದರೂ ಅವನೇ ಗತಿ. ನಾವು ಅಲ್ಲಿ ಖೋಲಿ ಹಿಡಿದಾಗ ಮನೆಯ ಮಾಲಕ ಇಂಗ್ಲಿಷಿನ ಕರಾರುಪತ್ರಕ್ಕೆ ಸಹಿ ಕೇಳಿದ. ನನ್ನ ಗಂಡ ಪೆನ್ನು ತೆಗೆದೂ ಆಗಿತ್ತು. ಮಹಾದೇವಣ್ಣ ಪೆನ್ನಿನ ಮೇಲೆ ಕೈಯಿಟ್ಟು ಮೂರನೆಯ ಹಾಳೆಯವರೆಗೂ ಓದಿದ. ಕೇಳಿದ ದಿನ ಖೋಲಿ ಬಿಡಬೇಕು, ಡಿಪಾಜಿಟ್ ಕೇಳುವಂತಿಲ್ಲ ಎಂದು ಅಲ್ಲಿ ಬರೆದಿತ್ತು. ಆ ಎರಡು ಸಾಲು ಹೊಡೆಸಿ ಹಾಕಿದ ಮೇಲೆಯೇ ಸಹಿ ಮಾಡಲು ಬಿಟ್ಟ. ಅವತ್ತಿನಿಂದ ಅವನ ಕಣ್ಣು ದಾಟದ ಕಾಗದಕ್ಕೆ ನಾವು ಕೈ ಹಚ್ಚಲಿಲ್ಲ.

ನಮ್ಮವ್ವ ದ್ಯಾಮವ್ವ ತೀರಿಕೊಂಡಾಗ ಹೆಗಲು ಕೊಟ್ಟ ನಾಲ್ವರಲ್ಲಿ ಅವನೊಬ್ಬ. ಅವ್ವನ ಜೊತೆಗೆ ನನ್ನ ತವರೂ ಮುಗಿಯಿತು ಎಂದುಕೊಂಡಿದ್ದೆ. ಆ ವರ್ಷ ನಾಗರಪಂಚಮಿಗೆ ಬಾಗಿಲಲ್ಲಿ ಮಹಾದೇವಣ್ಣ ನಿಂತಿದ್ದ, ಕೈಯಲ್ಲಿ ಇಳಕಲ್ಲಿನ ಕುಬಸದ ಖಣ. "ಅಣ್ಣ ಇಲ್ಲ ಅಂತ ಅನಬ್ಯಾಡ ತಂಗೆವ್ವಾ" ಎಂದ. ನಾನು ಅತ್ತುಬಿಟ್ಟೆ.

ಅವ್ವ ನನಗೆ ಬಿಟ್ಟುಹೋದ ಆಸ್ತಿಯೆಂದರೆ ಕಸೂತಿ. ಹಿಂದೆ ಮುಂದೆ ಎರಡೂ ಕಡೆ ಒಂದೇ ಹಾಗೆ ಕಾಣಬೇಕು, ಗಂಟು ಎಲ್ಲೂ ಇರಬಾರದು, ಅವ್ವನ ಕೈ ಹಾಗಿತ್ತು. ನಾನು ಕೊಲ್ವಾ ಬೀಚಿನ ಹತ್ತಿರ ಸಣ್ಣದೊಂದು ಅಂಗಡಿ ಹಿಡಿದು, ಕಸೂತಿಯ ಚೀಲ, ದಿಂಬಿನ ಗವಸು ಮಾರುತ್ತಿದ್ದೆ. ಅಂಗಡಿಗೆ ಅವ್ವನ ಹೆಸರನ್ನೇ ಇಟ್ಟಿದ್ದೆ, ದ್ಯಾಮವ್ವ ಕಸೂತಿ ಅಂತ. ಚಳಿಗಾಲಕ್ಕೆ ಬರುವ ವಿದೇಶದವರು ಊರಿಗೆ ಹೋದ ಮೇಲೂ ಚೀಲ ಬೇಕೆಂದು ಬರೆಯತೊಡಗಿದರು. ಮಹಾದೇವಣ್ಣ ಮಾರಾಟಕ್ಕೊಂದು ವೆಬ್‌ಸೈಟು ಮಾಡಿಕೊಟ್ಟ. ಅವ್ವನ ಫೋಟೋವನ್ನೂ ಹಾಕುತ್ತೇನೆಂದ, ಬೇಡ, ಹೆಸರು ಸಾಕು ಎಂದೆ.

ಸೈಟಿನಲ್ಲಿ ಕಾರ್ಡಿನಿಂದ ದುಡ್ಡು ತೆಗೆದುಕೊಳ್ಳಲು ಯಾವ ಕಂಪನಿ ಹಿಡಿಯಬೇಕು ಎಂಬುದಕ್ಕೆ ಅವನು ಎಂಟು ದಿನ ಓದಿದ. ಒಂದು ಮಧ್ಯಾಹ್ನ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದ.

"ಮೂರು ದಾರಿ ಅದಾವ ತಂಗೆವ್ವಾ. ಬ್ಯಾಂಕಿನವ್ರು ಮೊದ್ಲ ದೊಡ್ಡ ರೊಕ್ಕ ಕೇಳ್ತಾರ, ನಿನ್ನ ಮಾಲು ಹೋಗ್ಲಿ, ಬಿಡ್ಲಿ. ಹೊರದೇಶದ ಕಂಪನಿ ಒಂದೈತಿ, ನಿನ್ನ ಗಿರಾಕಿಗೆ ಅದರ ಗುರುತು ಐತಿ ಖರೇ, ಆದ್ರ ಯಾರರ ತಕರಾರು ತಗದ್ರ ನಮ್ಮನ್ನ ಕೇಳದ ರೊಕ್ಕ ತಡದು ಇಟ್ಕೋತಾರ. ಮೂರನೇದು ಮುಂಬೈದ್ದು. ಮಾಲು ಹೋದ್ರಷ್ಟ ತನ್ನ ಪಾಲು ಹಿಡೀತೈತಿ, ಉಳಿದದ್ದು ವಾರಕ್ಕ ಖಾತೇಕ ಬರ್ತೈತಿ. ನಿನಗ ಅದು ಚಲೋ."

ಅದೇ ಇರಲಿ ಎಂದೆ. ಅವನು ಫಾರ್ಮ್ ತೆರೆದು ಒಂದೊಂದೇ ಸಾಲು ಕನ್ನಡ ಮಾಡಿ ಓದುತ್ತ ತುಂಬಿದ. ಅಂಗಡಿಯ ಹೆಸರು, ವಿಳಾಸ. ಆಮೇಲೆ ಒಂದು ಖಾನೆ ಬಂತು.

"ಇಲ್ಲಿ ಪ್ರೊಪ್ರೈಟರ್ ಅಂತ ಐತಿ."

"ಹಂಗಂದ್ರ ಏನ್ರಿ?" ನಾನು ಓದಿದ್ದು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ. ನನ್ನ ಇಂಗ್ಲಿಷು ಬೀಚಿನಲ್ಲಿ ಚೌಕಾಸಿಗೆ ಸಾಲುವಷ್ಟು.

ಅವನು ಪರದೆ ನೋಡುತ್ತ ಸ್ವಲ್ಪ ಸುಮ್ಮನಿದ್ದ. "ಜವಾಬು ಕೊಡಾಂವ" ಎಂದ. "ಗಿರಾಕಿ ತಕರಾರು ಮಾಡಿದ್ರ, ಕಂಪನ್ಯಾವ್ರು ಫೋನ್ ಮಾಡಿದ್ರ, ಇಂಗ್ಲಿಷಿನಾಗ ಜವಾಬು ಕೊಡಬೇಕು. ಪ್ಯಾನ್ ಕಾರ್ಡೂ ಬೇಕು."

ನನ್ನ ಹತ್ತಿರ ಪ್ಯಾನ್ ಕಾರ್ಡು ಇರಲಿಲ್ಲ, ವಿಳಾಸಕ್ಕೆ ತೋರಿಸಬೇಕಾದ ಕರೆಂಟ್ ಬಿಲ್ಲು ಮನೆಯ ಮಾಲಕನ ಹೆಸರಲ್ಲಿತ್ತು. ಇಂಗ್ಲಿಷಿನ ಜವಾಬಂತೂ ದೂರ. "ನಿಮ್ಮ ಹೆಸರೇ ಹಾಕ್ರಿ ಅಣ್ಣಾರ" ಎಂದೆ. ನನ್ನ ತಲೆಬೇನೆ ಅವನ ತಲೆಗೆ ಕಟ್ಟಿದೆನಲ್ಲ ಎಂದು ನಾಚಿಕೆಯಾಗಿ ಮರುದಿನ ಹೋಳಿಗೆ ಮಾಡಿ ಕಳಿಸಿದೆ.

ಎರಡು ಸೀಸನ್ ಎಲ್ಲ ಸರಿಯಾಗಿಯೇ ನಡೆಯಿತು, ಸುಳ್ಳು ಹೇಳಬಾರದು. ಆರ್ಡರ್ ಅವನ ಮೇಲ್‌ಗೆ ಬರುತ್ತಿತ್ತು, ಅವನು ಪ್ರಿಂಟ್ ತೆಗೆದು ಕೊಡುತ್ತಿದ್ದ, ನಾನು ಪಾರ್ಸೆಲ್ ಕಟ್ಟುತ್ತಿದ್ದೆ. ಮೂರನೆಯ ಸೀಸನ್ನಿಗೆ ಆರ್ಡರ್ ನಿಂತವು. "ಹೊರದೇಶದಾಗ ಮಂದಿ ಕೆಲಸ ಕಳಕೊಂಡಾರಂತ ತಂಗೆವ್ವಾ, ಚೀಲ ಯಾರು ಕೇಳ್ತಾರ" ಎಂದ. ನಂಬಿದೆ. ಕೆಲಸ ಹೋದವರ ಬಗ್ಗೆ ಅಯ್ಯೋ ಪಾಪ ಎಂದೂ ಅಂದೆ.

ಜನವರಿಯಲ್ಲಿ, ವರ್ಷವರ್ಷ ಬರುವ ಜರ್ಮನಿಯ ಅಜ್ಜಿಯೊಬ್ಬಳು ಅಂಗಡಿಗೆ ಬಂದು ಒಂದು ಚೀಲವನ್ನು ಮೇಜಿನ ಮೇಲಿಟ್ಟಳು. "ನಿನ್ನ ಕೈಗೆ ಏನಾಯಿತು? ಹುಷಾರಿಲ್ಲವಾ?" ಎಂದು ಕೇಳಿದಳು. ಸೈಟಿನಿಂದ ಕೊಂಡದ್ದಂತೆ. ಒಳಗು ಹೊರಗು ಮಾಡಿ ನೋಡಿದೆ. ಮಷಿನ್ ಹೊಲಿಗೆ, ಹಿಂಬದಿಯ ತುಂಬ ಗಂಟು. ಅದರ ಮೇಲೆ ಅವ್ವನ ಹೆಸರಿನ ಪಟ್ಟಿ, ಕೆಳಗೆ ಪರ್ವರಿಯ ಯಾವುದೋ ವಿಳಾಸ.

ಬೂತಿನಿಂದ ಮುಂಬೈ ಕಂಪನಿಗೆ ಫೋನ್ ಮಾಡಿದೆ. ಪ್ರೊಪ್ರೈಟರ್ ಜೊತೆ ಮಾತ್ರ ಮಾತಾಡುತ್ತೇವೆ ಎಂದಳು ಆ ಕಡೆಯ ಹುಡುಗಿ. ಅವನು ಬರೀ ಜವಾಬು ಕೊಡುವವನು, ಅಂಗಡಿ ನನ್ನದು ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಹುಡುಗಿ ಒಳ್ಳೆಯವಳು, ಸಿಟ್ಟಾಗಲಿಲ್ಲ. "ಪ್ರೊಪ್ರೈಟರ್ ಅಂದರೆ ಮಾಲಿಕ್, ದೀದಿ" ಎಂದಳು.

ಬೆಂಕಿಪೊಟ್ಟಣದ ಅಕ್ಷರವನ್ನೂ ಬಿಡದವನಿಗೆ ಆ ಒಂದು ಶಬ್ದ ತಪ್ಪಿತೆಂದು ಹೇಗೆ ನಂಬಲಿ? ಪರದೆ ನೋಡುತ್ತ ಅವನು ಸುಮ್ಮನಿದ್ದ ಆ ಗಳಿಗೆ ನನ್ನನ್ನು ಇವತ್ತಿಗೂ ಸುಡುತ್ತದೆ. ಅವತ್ತೇ ಮನಸ್ಸಿನಲ್ಲಿತ್ತೋ, ಇಲ್ಲ ನನ್ನ ಮುಗ್ಧತನ ಕಂಡ ಮೇಲೆ ಹುಟ್ಟಿತೋ, ಗೊತ್ತಿಲ್ಲ. ಅವತ್ತೇ ಇದ್ದಿದ್ದರೆ ಆ ಪಂಚಮಿಯ ಖಣವೂ ಸುಳ್ಳಾಗುತ್ತದೆ. ಅಷ್ಟು ದೂರ ಯೋಚಿಸಲು ನನಗೆ ಧೈರ್ಯವಿಲ್ಲ.

ಮರುದಿನ ಚೀಲದ ಮೇಲಿನ ವಿಳಾಸ ಹಿಡಿದು, ಪಣಜಿಯಲ್ಲಿ ಬಸ್ಸು ಬದಲಿಸಿ ಪರ್ವರಿಗೆ ಹೋದೆ. ಅವನನ್ನು ನೋಡಿದ್ದು ಅದೇ ಕೊನೆ. ಮಹಡಿಯ ಮೇಲೆ ಆರು ಹೊಲಿಗೆ ಮಷಿನ್, ಮೂಲೆಯ ಕಂಪ್ಯೂಟರಿನ ಮುಂದೆ ಮಹಾದೇವಣ್ಣ. ನನ್ನನ್ನು ಕಂಡು ಎದ್ದು ನಿಂತ.

"ಬಾ ತಂಗೆವ್ವಾ, ಕುಂದರು. ನಾನೇ ಹೇಳಾಕ ಬರಾಂವಿದ್ದೆ. ಕೆಫೆ ನಡೀವಲ್ದು, ಮಗಳ ಲಗ್ನ ಬಂದೈತಿ. ಈ ಕಾರ್ಖಾನಿ ಶೇಟ್ ಸೈಟ್ ಕೇಳಿದ್ರು, ಕೊಟ್ಟೆ. ನನ್ನ ಹೆಸರಿಲೆ ಇತ್ತಲ್ಲ."

"ನಿಮ್ಮ ಹೆಸರಿಲೆ ಯಾಕ ಇತ್ತರೀ ಅಣ್ಣಾರ?"

"ನೀನೇ ಹಾಕ್ರಿ ಅಂದಿ."

ಅದು ನಿಜ. ನಾನೇ ಅಂದಿದ್ದೆ. ಅಷ್ಟರಲ್ಲಿ ಶೇಟ್ ಒಳಗೆ ಬಂದ. ಯಾರಿವರು ಎಂದು ಹಿಂದಿಯಲ್ಲಿ ಕೇಳಿದ. ಮಹಾದೇವಣ್ಣ ಹಿಂದಿಯಲ್ಲೇ, "ಮೊದಲು ನಮ್ಮಲ್ಲಿ ಹೊಲಿಯುತ್ತಿದ್ದ ಹೆಂಗಸು" ಎಂದ.

ಶೇಟ್ ಕೆಟ್ಟ ಮನುಷ್ಯನಲ್ಲ. ಕುರ್ಚಿ ಎಳೆದುಕೊಟ್ಟ, ಕೆಲಸ ಬೇಕಿದ್ದರೆ ಬರಬಹುದು ಎಂದ. ಮೇಜಿನ ಮೇಲೆ ಅವ್ವನ ಹೆಸರಿನ ಪಟ್ಟಿಗಳ ಕಟ್ಟು ಬಿದ್ದಿತ್ತು. ಅದರಲ್ಲೊಂದು ಕೈಗೆತ್ತಿಕೊಂಡು ನಗುತ್ತ, "ಈ ಹೆಸರು ನಮಗೆ ಭಾಳ ಲಾಭ ತಂದಿದೆ. ದ್ಯಾಮವ್ವ ಅಂದರೆ ನಿಮ್ಮ ಕಡೆಯ ದೇವಿಯಂತಲ್ಲ, ಹೌದಾ?" ಎಂದು ನನ್ನನ್ನು ಕೇಳಿದ.

ನಾನು ಮಹಾದೇವಣ್ಣನ ಮುಖ ನೋಡಿದೆ. ಇದೊಂದನ್ನಾದರೂ ಅವನೇ ಹೇಳಲಿ ಎಂದು ಕಾದೆ.

"ಹೌದು ಶೇಟ್" ಎಂದ ಅವನು, ಕಂಪ್ಯೂಟರಿನ ಕಡೆ ತಿರುಗುತ್ತ. "ಊರದೇವಿ."